ಒಂದೇ ಪುಟದಲ್ಲಿ ಮೂರು ಲಿಪಿಗಳು

ಕರಾವಳಿಯ ಮುಸ್ಲಿಮ್ ಮನೆಯೊಂದರ ಮದುವೆ ಕರೆಯೋಲೆಯನ್ನು ಗಮನಿಸಿ ನೋಡಿ. ನೆತ್ತಿಯಲ್ಲಿ ಅರಬಿಯ ಬಿಸ್ಮಿಲ್ಲಾ, ಅದರ ಕೆಳಗೆ ಕನ್ನಡದಲ್ಲಿ ವಧೂವರರ ಹೆಸರು, ಮಗ್ಗುಲಲ್ಲಿ ಇಂಗ್ಲಿಷ್. ಉರ್ದು ಮನೆಯಾದರೆ ಉರ್ದುವಿಗೂ ಒಂದು ಪುಟ. ಬ್ಯಾರಿ ಮಾತಿನ ಸಾಲೇನಾದರೂ ಸೇರಿದರೆ ಅದು ಕನ್ನಡ ಲಿಪಿಯಲ್ಲಿ. ಓದುವವರಿಗೆ ಇದರಲ್ಲಿ ವಿಶೇಷವೇನೂ ಕಾಣಿಸದು. ಆದರೆ ಈ ಲಿಪಿಗಳನ್ನು ಒಂದೇ ಹಾಳೆಯಲ್ಲಿ ಕೂರಿಸುವ ನಮ್ಮಂತಹವರಿಗೆ ಗೊತ್ತು, ಅವು ಕಂಪ್ಯೂಟರಿನೊಳಗೆ ಬಹುಕಾಲ ಪರಸ್ಪರ ಮುಖ ನೋಡದ ನೆರೆಯವರಂತೆ ಇದ್ದವು.

ನಮ್ಮದು ಹದಿನಾಲ್ಕು ಕಂಪ್ಯೂಟರುಗಳ ಒಂದು ಸಾಧಾರಣ ಮುದ್ರಣ ಸಂಸ್ಥೆ. ಮದ್ರಸ ಪಠ್ಯ, ಸ್ಮರಣ ಸಂಚಿಕೆ, ಕರೆಯೋಲೆ, ಮಾಸಿಕ ಎಲ್ಲವೂ ನಮ್ಮಲ್ಲಿ ತಯಾರಾಗುತ್ತವೆ. ಕನ್ನಡದ ಕೆಲಸ ಹಲವು ವರ್ಷ ಪೇಜ್‌ಮೇಕರಿನಲ್ಲೇ ನಡೆಯಿತು. ಅದರ ಕೊನೆಯ ಪ್ರಮುಖ ಆವೃತ್ತಿ 2001ರಲ್ಲಿ ಬಂದದ್ದಾದರೂ ನಮ್ಮಂತಹ ಪ್ರೆಸ್‌ಗಳು ಅದನ್ನು ಸುಲಭವಾಗಿ ಬಿಡಲಿಲ್ಲ. ಅರಬಿ ಮತ್ತು ಉರ್ದುವಿಗೆ ಮೂಲೆಯಲ್ಲೊಂದು ಬೇರೆಯೇ ಕಂಪ್ಯೂಟರ್ ಇತ್ತು. ಅದರಲ್ಲಿ ಇನ್‌ಪೇಜ್, ಅದರ ಮುಂದೆ ನಮ್ಮ ಚಾಚಾ. ಅವರು ಟೈಪ್ ಮಾಡಿದ ಸಾಲುಗಳನ್ನು ಚಿತ್ರವಾಗಿ ಪರಿವರ್ತಿಸಿ ಕನ್ನಡ ಪುಟಕ್ಕೆ ಅಂಟಿಸುತ್ತಿದ್ದೆವು. ಕೊನೆ ಗಳಿಗೆಯಲ್ಲಿ ಒಂದು ನುಖ್ತೆ ತಪ್ಪಿದೆಯೆಂದು ಗೊತ್ತಾದರೆ ಪುಟದ ಮೇಲೆ ತಿದ್ದುವಂತಿರಲಿಲ್ಲ. ಮತ್ತೆ ಮೂಲೆಗೆ ಹೋಗಬೇಕು, ಮತ್ತೆ ಚಿತ್ರ ಮಾಡಿಸಬೇಕು. ಚಾಚಾ ರಜೆಯಲ್ಲಿದ್ದರೆ ಕೆಲಸವೂ ರಜೆ.

ಇದಕ್ಕೆ ಕಾರಣ ಯಾರ ಸೋಮಾರಿತನವೂ ಅಲ್ಲ. ಹಳೆಯ ಕನ್ನಡ ಫಾಂಟುಗಳಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ, ಹೊರಗೆ ಕನ್ನಡದ ವೇಷ. ಫಾಂಟ್ ತೆಗೆದರೆ ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಉಳಿಯುತ್ತಿದ್ದವು. ಉರ್ದುವಿನ ಕಷ್ಟ ಇನ್ನೂ ದೊಡ್ಡದು. ನಸ್ತಾಲೀಕ್ ಬರಹ ಬಲದಿಂದ ಎಡಕ್ಕೆ ಮಾತ್ರವಲ್ಲ, ಮೇಲಿನಿಂದ ಕೆಳಕ್ಕೂ ಇಳಿಯುತ್ತ ಸಾಗುತ್ತದೆ. ಅಕ್ಷರ ಎಲ್ಲಿ ಕೂತಿದೆ ಎಂಬುದರ ಮೇಲೆ ಅದರ ರೂಪ ಬದಲಾಗುತ್ತದೆ. ಹೀಗಾಗಿ ಕಾತಿಬರ ಕೈಬರಹವನ್ನೇ ಉರ್ದು ಪತ್ರಿಕೆಗಳು ಬಹುಕಾಲ ನಂಬಿದ್ದವು. 1927ರಲ್ಲಿ ಮದ್ರಾಸಿನಲ್ಲಿ ಆರಂಭವಾದ ‘ದಿ ಮುಸಲ್ಮಾನ್’ ಪತ್ರಿಕೆ ಕಂಪ್ಯೂಟರ್ ಯುಗದಲ್ಲೂ ಕೈಬರಹದಲ್ಲೇ ಹೊರಬಂದದ್ದು ಅನೇಕರಿಗೆ ನೆನಪಿರಬಹುದು. ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಅವರ ನೂರಿ ನಸ್ತಾಲೀಕ್ 1981ರಲ್ಲಿ ಬಂದಾಗ ಅದಕ್ಕಾಗಿ ಸಾವಿರಾರು ಜೋಡಕ್ಷರ ರೂಪಗಳನ್ನು ಒಂದೊಂದಾಗಿ ಬರೆಯಬೇಕಾಯಿತು.

ಯುನಿಕೋಡ್ ಈ ಗೋಡೆಯನ್ನು ಕೆಡವಿತು. ಅದರಲ್ಲಿ ಕನ್ನಡದ ‘ಕ’ಗೂ ಅರಬಿಯ ‘ಕಾಫ್’ಗೂ ಅವರವರದೇ ಸಂಖ್ಯೆಗಳಿವೆ. ಫಾಂಟ್ ಬದಲಾದರೂ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. 2012ರಲ್ಲಿ ಬಂದ ಇನ್‌ಡಿಸೈನ್ ಸಿಎಸ್6, ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳ ಜೋಡಣೆಗೆ ಅವಕಾಶ ಕೊಟ್ಟಿತು. ಕೊನೆಗೆ ನಾವೂ ಹದಿನಾಲ್ಕೂ ಕಂಪ್ಯೂಟರುಗಳಿಗೆ ಒಂದೇ ತಂತ್ರಾಂಶ ಹಾಕುವ ತೀರ್ಮಾನಕ್ಕೆ ಬಂದೆವು.

ಎಲ್ಲ ಕಡೆ ಒಮ್ಮೆಲೇ ಹಾಕಲಿಲ್ಲ. ಮೊದಲು ಎರಡು ಕಂಪ್ಯೂಟರುಗಳಲ್ಲಿ ಪ್ರಯೋಗ. ಅರಬಿಯ ಸೌಲಭ್ಯ ಬೇಕಾದರೆ ತಂತ್ರಾಂಶ ಹಾಕುವಾಗಲೇ ಅರಬಿ ಬೆಂಬಲವಿರುವ ಇಂಗ್ಲಿಷ್ ಆವೃತ್ತಿಯನ್ನು ಆರಿಸಬೇಕು. ಬರೀ ಇಂಗ್ಲಿಷ್ ಆರಿಸಿದರೆ ಬಲದಿಂದ ಎಡಕ್ಕೆ ಬರೆಯುವ ಗುಂಡಿಗಳೇ ಕಾಣಿಸುವುದಿಲ್ಲ. ಕನ್ನಡದ್ದು ಇನ್ನೊಂದು ಕಥೆ. ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಜೋಡಣೆಯ ಕ್ರಮವನ್ನು ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಯಾವ ಕಡತವನ್ನೂ ತೆರೆಯದೆ ಇದನ್ನು ಆರಿಸಿಟ್ಟರೆ ಮುಂದಿನ ಹೊಸ ಕಡತಗಳಿಗೆಲ್ಲ ಅನ್ವಯಿಸುತ್ತದೆ, ಹಳೆಯ ಕಡತಗಳಿಗೆ ಅಲ್ಲ. ಆದ್ದರಿಂದ ಸಿದ್ಧ ಮಾದರಿ ಪುಟಗಳನ್ನು ಮಾಡಿ ಸರ್ವರಿನಲ್ಲಿಟ್ಟೆವು. ಫಾಂಟುಗಳೂ ಅಲ್ಲಿಂದಲೇ, ಎಲ್ಲರಿಗೂ ಒಂದೇ ಆವೃತ್ತಿ. ಒಂದೇ ಹೆಸರಿನ ಎರಡು ಆವೃತ್ತಿಗಳಿದ್ದರೆ ಈ ಕೋಣೆಯಲ್ಲಿ ಮೂವತ್ತು ಪುಟವಿದ್ದ ಪುಸ್ತಕ ಆ ಕೋಣೆಯಲ್ಲಿ ಮೂವತ್ತೊಂದಾಗುವುದುಂಟು.

ಕಂಪ್ಯೂಟರುಗಳ ಕೆಲಸ ಒಂದು ವಾರದಲ್ಲಿ ಮುಗಿಯಿತು. ಮನುಷ್ಯರ ವಿಷಯ ಅಷ್ಟು ಬೇಗ ಮುಗಿಯುವಂತಹದ್ದಲ್ಲ.

ನಮ್ಮ ಕನ್ನಡ ವಿಭಾಗದ ಹಿರಿಯ ಆಪರೇಟರನ್ನು ಎಲ್ಲರೂ ಅಕ್ಕ ಎನ್ನುತ್ತೇವೆ. ಇಪ್ಪತ್ತು ವರ್ಷಗಳಿಂದ ಕೀಲಿಮಣೆಯನ್ನು ನೋಡದೆ ಟೈಪ್ ಮಾಡುವವರು. “ಈ ವಯಸ್ಸಿನಲ್ಲಿ ನನ್ನ ಬೆರಳುಗಳಿಗೆ ಮತ್ತೆ ಒಂದನೇ ಕ್ಲಾಸಾ?” ಎಂದು ಕೇಳಿದರು. ಹಾಗಾಗಲಿಲ್ಲ. ಅವರಿಗೆ ರೂಢಿಯಾಗಿದ್ದುದು ನುಡಿಯ ಕೀಲಿಮಣೆ. ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ ವಿನ್ಯಾಸವೇ ಅದಕ್ಕೆ ಆಧಾರ. ಅದು ಯುನಿಕೋಡಿನಲ್ಲೂ ಹಾಗೆಯೇ ನಡೆಯುತ್ತದೆ. ಆದರೆ ಹಳೆಯ ಕಡತಗಳನ್ನು ಪರಿವರ್ತಿಸಿದಾಗ ಅಕ್ಕನ ಕಣ್ಣು ಬೇಕೇಬೇಕಾಯಿತು. ‘ಸೂರ್ಯ’ದಲ್ಲಿ ಅರ್ಕಾವತ್ತು ಸರಿ, ಆದರೆ ‘ರ‍್ಯಾಲಿ’ಗೆ ಅದು ಬರಬಾರದು. ‘ಅಬ್ದುಲ್‌ರಹ್ಮಾನ್’ ಎಂದಿದ್ದ ಹೆಸರು ಕೆಲವು ಕಡತಗಳಲ್ಲಿ ‘ಅಬ್ದುಲ್ರಹ್ಮಾನ್’ ಆಗಿತ್ತು. ಕಂಪ್ಯೂಟರಿಗೆ ಎರಡೂ ಸರಿ. ಆ ಹೆಸರು ಹೊತ್ತವನಿಗೆ ಸರಿಯೇ?

ಚಾಚಾ ಮಾತ್ರ ಏನೂ ಕೇಳಲಿಲ್ಲ. ಮೂಲೆಯ ಕಂಪ್ಯೂಟರನ್ನು ಬಿಚ್ಚುವುದನ್ನು ಸುಮ್ಮನೆ ನೋಡುತ್ತಿದ್ದರು. ಅದೇ ವಾರ ಖರ್ಚುವೆಚ್ಚದ ಮಾತುಕತೆಯಲ್ಲಿ ಒಂದು ಲೆಕ್ಕ ಎದ್ದಿತು: ಎಲ್ಲ ಕಂಪ್ಯೂಟರಿನಲ್ಲೂ ಉರ್ದು ಬರುವುದಾದರೆ ಉರ್ದುವಿಗೆಂದು ಬೇರೆ ಸಂಬಳವೇಕೆ? ಲೆಕ್ಕ ಹಾಕಿದವರು ಕೆಟ್ಟವರಲ್ಲ. ತಂತ್ರಾಂಶದ ವಾರ್ಷಿಕ ಚಂದಾ ಸಣ್ಣ ಮೊತ್ತವೂ ಅಲ್ಲ. ಆದರೆ ನಾವು ಒಂದು ಪ್ರಶ್ನೆ ಕೇಳಿದೆವು. ಅಕ್ಷರಗಳನ್ನು ಜೋಡಿಸುವುದು ಕಂಪ್ಯೂಟರ್; ಜೋಡಿಸಿದ್ದು ಸರಿಯೇ ಎಂದು ಹೇಳುವವರು ಯಾರು? ಮದ್ರಸದ ಪಠ್ಯದಲ್ಲಿ ಒಂದು ಜಬರ್ ಇರಬೇಕಾದಲ್ಲಿ ಜೇರ್ ಬಿದ್ದರೆ ಅರ್ಥವೇ ಬದಲಾದೀತು. ಪರದೆಯ ಮೇಲೆ ಎರಡೂ ಒಂದೇ ಅಂದದಲ್ಲಿ ಕಾಣುತ್ತವೆ. ಮಾತುಕತೆ ಎರಡು ದಿನ ನಡೆಯಿತು. ಚಾಚಾ ಉಳಿದರು. ಟೈಪ್ ಮಾಡುವ ಹೊರೆ ಹಂಚಿಹೋಯಿತು, ಅರಬಿ ಮತ್ತು ಉರ್ದುವಿನ ಎಲ್ಲ ಪುಟಗಳೂ ಅವರ ಸಹಿ ಬಿದ್ದ ಮೇಲೆಯೇ ಅಚ್ಚಿಗೆ ಹೋಗಬೇಕೆಂಬ ನಿಯಮ ಬಂತು.

ಈಗ ಸಂಜೆ ಅರ್ಧ ಗಂಟೆ ಅವರ ಪಾಠವಿರುತ್ತದೆ. ಅಲಿಫ್ ಬೇ ಕಲಿಯಲು ಕೂರುವವರಲ್ಲಿ ಅಕ್ಕನೂ ಇದ್ದಾರೆ, ಉರ್ದುವಿನ ಗಂಧವೇ ಇಲ್ಲದ ಇಬ್ಬರು ಹುಡುಗರೂ ಇದ್ದಾರೆ. “ಚಾಚಾ, ಈ ಚುಕ್ಕಿ ಮೇಲಾ ಕೆಳಗಾ?” ಎಂದು ಅವರು ಕೇಳುವಾಗ, ಹಿಂದೆ ಮೂಲೆಯಲ್ಲಿದ್ದ ಭಾಷೆ ನಡುಮನೆಗೆ ಬಂದಂತೆ ಅನಿಸುತ್ತದೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಚಂದಾ ತಂತ್ರಾಂಶ ಬಾಡಿಗೆ ಮನೆಯಿದ್ದಂತೆ. ಬಾಡಿಗೆ ನಿಂತರೆ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಮುಗಿದ ಪ್ರತಿ ಪುಸ್ತಕದ ಬರಹವನ್ನು ಬರಿಯ ಯುನಿಕೋಡ್ ಪಠ್ಯವಾಗಿಯೂ ಉಳಿಸಿಡುತ್ತೇವೆ. ಹಣ ಕೊಡಲಾಗದ ಸಂಸ್ಥೆಗಳು ಕದ್ದ ಪ್ರತಿಗಳಿಗೆ ಕೈಚಾಚಬೇಕಾಗಿಲ್ಲ, ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶದ ಹೊಸ ಆವೃತ್ತಿಗಳು ಭಾರತೀಯ ಮತ್ತು ಅರಬಿ ಲಿಪಿಗಳನ್ನು ಜೋಡಿಸಬಲ್ಲವು. ನೋಟೋ ಮಾಲೆಯ ಕನ್ನಡ ಮತ್ತು ನಸ್ತಾಲೀಕ್ ಫಾಂಟುಗಳೂ ಉಚಿತ.

1843ರಲ್ಲಿ ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ ಹೊರಬಂದಾಗ ಅದನ್ನು ತಂದ ಹೆರ್ಮನ್ ಮೊಗ್ಲಿಂಗ್ ಅವರಿಗೆ ಕನ್ನಡ ತಾಯಿನುಡಿಯಾಗಿರಲಿಲ್ಲ. ಬೇರೆಯವರ ಅಕ್ಷರವನ್ನು ಕಲಿತು, ಅದನ್ನು ತಪ್ಪಿಲ್ಲದಂತೆ ಅಚ್ಚು ಹಾಕುವ ಶ್ರದ್ಧೆ ನಮ್ಮ ಊರಿಗೆ ಹೊಸದಲ್ಲ. ಸಲಕರಣೆಗಳು ಬದಲಾಗುತ್ತಲೇ ಇರುತ್ತವೆ. ಆ ಶ್ರದ್ಧೆಗೆ ಸಂಬಳ ಕೊಡುವ ಮನಸ್ಸು ನಮ್ಮ ಸಂಸ್ಥೆಗಳಲ್ಲಿ ಉಳಿಯುತ್ತದೆಯೇ ಎಂಬುದನ್ನು ಓದುಗರೂ ಯೋಚಿಸಬೇಕು. ಅಚ್ಚಾಗುವ ಹೆಸರುಗಳು ಅವರವೇ ತಾನೆ?