ಸೊಂಟಮಟ್ಟದ ಕಡಲು

ಸೊರೊಬಾನ್, ಬೊನೇರ್
ಫೆಬ್ರವರಿ 14

ಪ್ರೀತಿಯ ಪುಟ್ಟ,

ನಿನ್ನೆ ಮಧ್ಯಾಹ್ನ ಎರಡಕ್ಕೆ ನೀರಿಗಿಳಿದವಳು ನಾಲ್ಕೂವರೆಗೆ ಮೇಲೆ ಬಂದೆ. ಎಣಿಸಿಕೊಂಡಿದ್ದೇನೆ: ವಿಂಡ್‌ಸರ್ಫಿಂಗ್ ಬೋರ್ಡಿನ ಮೇಲೆ 38 ಸಲ ಜೈಬ್ ಮಾಡಲು, ಅಂದರೆ ಗಾಳಿಗೆ ಬೆನ್ನಾಗಿ ತಿರುಗಲು ಹೋದೆ, 31 ಸಲ ಬಿದ್ದೆ, 7 ಸಲ ಹಾಯಿಯ ಮಗ್ಗುಲು ಬದಲಿಸಿ ಬಂದ ದಾರಿಗೆ ಮರಳಿದೆ. ಹೋದ ಬೇಸಿಗೆ ನೆದರ್‌ಲ್ಯಾಂಡ್ಸಿನ ಐಸೆಲ್‌ಮೇರ್ ಸರೋವರದಲ್ಲಿ ದಿನಕ್ಕೆ ಏಳೆಂಟು ಪ್ರಯತ್ನವಾದರೆ ಅದೇ ಹೆಚ್ಚು. ನಾನು ಕಲಿತ ಜಾಗದಲ್ಲಿ ಕಾಲಿಗೆ ನೆಲ ಎಟುಕುತ್ತಿರಲಿಲ್ಲ. ಬಿದ್ದ ಮೇಲೆ ಈಜುತ್ತಲೇ ಹಾಯಿಯನ್ನು ಗಾಳಿಗೆ ತಿರುಗಿಸಿ, ಅದರಡಿಗೆ ಗಾಳಿ ಹೊಗಿಸಿ, ಅದು ಮೈಯನ್ನೆತ್ತಿದಾಗ ಬೋರ್ಡಿಗೇರಬೇಕು. ತಣ್ಣೀರಿನಲ್ಲಿ ಹೀಗೆ ಐದು ಸಲ ಮಾಡಿದರೆ ತೋಳಿನ ಕಸುವು ಮುಗಿಯುತ್ತದೆ. ಆಮೇಲೆ ತಿರುವು ಬಂದಾಗ ಮನಸ್ಸು ತಿರುವಿನ ಮೇಲೆ ನಿಲ್ಲುವುದಿಲ್ಲ. ಬಿದ್ದರೆ ಏಳುವುದು ಹೇಗೆ ಎಂಬುದರಲ್ಲೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಬಿದ್ದರೆ ಎದ್ದು ನಿಲ್ಲುತ್ತೇನೆ. ನೀರು ಸೊಂಟಕ್ಕೆ ಬರುತ್ತದೆ.

ಬೊನೇರ್ ವೆನೆಜುವೆಲಾದ ಉತ್ತರಕ್ಕಿರುವ ಸಣ್ಣ ದ್ವೀಪ. 2010ರಿಂದ ನೆದರ್‌ಲ್ಯಾಂಡ್ಸಿನ ವಿಶೇಷ ಪುರಸಭೆ. ಆಮ್‌ಸ್ಟರ್‌ಡ್ಯಾಮಿನಿಂದ ನೇರ ವಿಮಾನವಿದೆ, ಹತ್ತು ತಾಸಿನ ಹಾದಿ. ಅಕ್ಷಾಂಶ 12 ಡಿಗ್ರಿ ಚಿಲ್ಲರೆ, ನಮ್ಮ ಮೈಸೂರಿನದೇ ಸಾಲು. ಬಿಸಿಲು ಮೈಗೆ ತಾಗಿದ ಕೂಡಲೇ ಊರಿನದು ಅನ್ನಿಸಿತು. ಗಾಳಿ ಮಾತ್ರ ಬೇರೆ. ನಮ್ಮ ಕರಾವಳಿಯಲ್ಲಿ ಪಡುಗಾಳಿ ಏಳಲಿ ಎಂದು ಮಧ್ಯಾಹ್ನದವರೆಗೆ ಕಾಯುತ್ತೇವೆ. ಇಲ್ಲಿ ವರ್ಷದ ಬಹುಪಾಲು ಮೂಡುಗಾಳಿ, ಶಾಲೆಯಲ್ಲಿ ಉರುಹೊಡೆದ ಅದೇ ವಾಣಿಜ್ಯ ಮಾರುತ. ಅದರ ಒತ್ತಡಕ್ಕೆ ದಿವಿದಿವಿ ಮರಗಳು ಪಡುವಣಕ್ಕೆ ವಾಲಿಯೇ ಬೆಳೆದಿವೆ.

ನಾನಿರುವ ಲಾಕ್ ಕೊಲ್ಲಿ ಈ ಗಾಳಿ ಬರುವ ಕಡೆಗೇ ಬಾಯ್ತೆರೆದುಕೊಂಡಿದೆ. ಹಾಗಿದ್ದರೆ ಅಲೆ ಏಳಬೇಕಲ್ಲ ಎಂದು ನೀನು ಕೇಳುತ್ತೀ. ನಕ್ಷೆ ನೋಡಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ದಡದಲ್ಲಿ ನಿಂತರೆ ಉತ್ತರ ಕಾಣುತ್ತದೆ, ದೂರದಲ್ಲಿ ಒಂದು ಬಿಳಿ ನೊರೆಯ ಗೆರೆ. ಅದು ಕೊಲ್ಲಿಯ ಬಾಯಿಗೆ ಅಡ್ಡಲಾಗಿರುವ ಹವಳದ ದಿಬ್ಬ. ತೆರೆದ ಕಡಲಿನ ಅಲೆ ಅಲ್ಲೇ ಒಡೆದುಹೋಗುತ್ತದೆ. ಒಳಗೆ ಹೊಸ ಅಲೆ ಎಬ್ಬಿಸಲು ಗಾಳಿಗೆ ಸಾಕಷ್ಟು ಓಟವೂ ಇಲ್ಲ, ಕೆಳಗೆ ಆಳವೂ ಇಲ್ಲ. ಗುಡ್ಡದ ಮರೆಯಲ್ಲೋ ತೋಪಿನ ಮರೆಯಲ್ಲೋ ಕೂಡ ಸಮನೀರು ಸಿಗುತ್ತದೆ, ಆದರೆ ಅಲ್ಲಿ ಗಾಳಿ ಚಿಂದಿಯಾಗಿ ಬರುತ್ತದೆ. ಅಲೆಯನ್ನು ತಡೆದು ಗಾಳಿಯನ್ನು ಬಿಟ್ಟುಕೊಡಬೇಕಾದರೆ ಗೋಡೆ ನೀರಿನ ಮಟ್ಟಕ್ಕೇ ಇರಬೇಕು. ಇಂಥ ಗೋಡೆಯನ್ನು ಹುಡುಕಿಕೊಂಡು ನಾನು ಎರಡು ವರ್ಷ ನಕ್ಷೆಗಳ ಮೇಲೆ ಕಣ್ಣಾಡಿಸಿದ್ದೇನೆ. ಹಾಯಿಯ ಕಸರತ್ತಿನಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದ ಟೊಂಕಿ ಫ್ರಾನ್ಸ್, ಟಾಟಿ ಫ್ರಾನ್ಸ್, ಕಿರಿ ಥೋಡೆ ಈ ದ್ವೀಪದವರೇ. ಇಲ್ಲಿನ ಮಕ್ಕಳು ತಿರುಗುವುದನ್ನು ನೋಡಿದರೆ ಅದರಲ್ಲಿ ಆಶ್ಚರ್ಯವೇನೂ ಉಳಿಯುವುದಿಲ್ಲ.

ಅಲೆಯಿರುವ ನೀರಿನಲ್ಲಿ ಬಿದ್ದಾಗ ಕಾರಣವೇ ತಿಳಿಯುತ್ತಿರಲಿಲ್ಲ. ಬೋರ್ಡು ಕುಪ್ಪಳಿಸಿತೋ, ಮೂತಿ ಅಲೆಗೆ ಚುಚ್ಚಿತೋ, ನಾನೇ ತಪ್ಪಿದೆನೋ? ಇಲ್ಲಿ ನೀರು ತಟ್ಟೆಯ ಹಾಗಿದೆ. ತಪ್ಪಿದರೆ ತಪ್ಪು ನನ್ನದೇ. ಹತ್ತನೇ ಸಲವೋ ಏನೋ ಆ ತಪ್ಪು ಕೈಗೆ ಸಿಕ್ಕಿತು. ತಿರುವಿನ ನಡುವೆ ನಾನು ಮಂಡಿ ನೆಟ್ಟಗೆ ಮಾಡಿ ಎದ್ದುಬಿಡುತ್ತಿದ್ದೆ. ಭಾರ ಹಿಂದಕ್ಕೆ ಹೋಗಿ ಬಾಲ ಮುಳುಗುತ್ತಿತ್ತು, ವೇಗ ಸಾಯುತ್ತಿತ್ತು. ಮಂಡಿ ಬಗ್ಗಿಸಿಕೊಂಡೇ ಇದ್ದು, ಹಿಂಗಾಲಿನಿಂದ ಬೋರ್ಡಿನ ಒಳ ಅಂಚನ್ನು ಒತ್ತಿ, ಮುಂದಿನ ಕೈ ಚಾಚಿ, ಹೊರಡಬೇಕಾದ ಕಡೆಗೆ ಕಣ್ಣಿಟ್ಟೆ. ಗಾಳಿ ಬೆನ್ನ ಹಿಂದೆ ಬಂದ ಗಳಿಗೆಯಲ್ಲಿ ಹಾಯಿಗೆ ತೂಕವೇ ಇಲ್ಲವಾಯಿತು. ವೇಗ ಉಳಿಸಿಕೊಂಡರೆ ನಾವೂ ಗಾಳಿಯೂ ಒಂದೇ ಓಟದಲ್ಲಿರುತ್ತೇವಲ್ಲ, ಅದಕ್ಕೆ. ಆಗ ಹಿಂದಿನ ಕೈ ಬಿಟ್ಟರೆ ಹಾಯಿ ತಾನಾಗಿ ಸುತ್ತಿ ಬರುತ್ತದೆ. ಆ ಮೌನವನ್ನು ನೀನೂ ಒಮ್ಮೆ ಅನುಭವಿಸಬೇಕು ಮಾರಾಯ.

ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ. ನಾನು ಎದ್ದು ನಿಲ್ಲುವ ನೆಲ ಎಲ್ಲ ಕಡೆಯೂ ಬರೀ ಮರಳಲ್ಲ. ಕೊಲ್ಲಿಯ ತುಂಬ ಕಡಲಹುಲ್ಲು, ಅಂಚಿಗೆ ಕಾಂಡ್ಲ ಕಾಡು. ಹಸಿರಾಮೆಗಳು ಈ ಹುಲ್ಲು ಮೇಯಲು ಬರುತ್ತವೆ. ದೊಡ್ಡ ಶಂಖದ ಹುಳುಗಳು ಇದರಲ್ಲೇ ಬೆಳೆಯುತ್ತವೆ. ಈಚಿನ ವರ್ಷಗಳಲ್ಲಿ ಹೊರಗಿನ ಒಂದು ಹುಲ್ಲು ಇಲ್ಲಿ ಹಬ್ಬಿದೆ, ಅದರ ಮೂಲ ನಮ್ಮ ಹಿಂದೂ ಮಹಾಸಾಗರದ ಕಡೆಯದು. ಆಮೆಗಳಿಗೆ ಇಷ್ಟ ಇಲ್ಲಿನ ಹಳೆಯ ಹುಲ್ಲೇ. ಕಾಲೂರಲು ಸಿಗುತ್ತದೆ ಎಂಬ ಸುಖಕ್ಕೆ ಅದನ್ನು ತುಳಿಯುತ್ತ ನಡೆಯುವುದು ಸರಿಯಲ್ಲ. ಇವತ್ತಿನಿಂದ ದಡದ ಹತ್ತಿರದ ಬಿಳಿ ಮರಳಿನ ಮೇಲಷ್ಟೇ ತಿರುಗುತ್ತಿದ್ದೇನೆ. ಹುಲ್ಲಿನ ಮೇಲೆ ಬಿದ್ದರೆ ನಿಲ್ಲದೆ, ನೀರಿನಿಂದಲೇ ಬೋರ್ಡಿಗೇರುತ್ತೇನೆ. ತೋಳು ನೋಯುತ್ತದೆ, ನೋಯಲಿ.

ಈಗ ನಿನ್ನ ಪ್ರಶ್ನೆ. ನಮ್ಮ ಕರಾವಳಿಯ ಶಾಂಭವಿ ಹೊಳೆಯಲ್ಲಿ ಅಭ್ಯಾಸ ಮಾಡಬಹುದೇ ಎಂದು ಕೇಳಿದ್ದೆಯಲ್ಲ? ಅಳಿವೆ ಬಾಗಿಲಿನ ಹತ್ತಿರ ಬೇಡವೇ ಬೇಡ. ಇಳಿತದ ಹೊತ್ತಿನಲ್ಲಿ ನೀರು ಹೊರಗೆಳೆಯುತ್ತದೆ. ಬೊನೇರಿನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದಡಿಯ ಆಸುಪಾಸು, ಗಾಳಿಯೂ ದಡದ ಕಡೆಗೇ ತಳ್ಳುತ್ತದೆ. ಅದಕ್ಕೇ ಇಲ್ಲಿ ಸೋತವಳು ದಡಕ್ಕೆ ಬರುತ್ತಾಳೆ. ನಮ್ಮಲ್ಲಿ ಹಾಗಲ್ಲ. ಮೇಲಕ್ಕೆ, ಹೊಳೆ ಅಗಲವಾಗುವ ಕಡೆ ನೋಡು. ಮಳೆಗಾಲ ಕಳೆದ ಮೇಲೆ ಮರಳ ದಿಬ್ಬ ಜಾಗ ಬದಲಿಸಿರುತ್ತದೆ, ಹಾಗಾಗಿ ಮರುವಾಯಿ ಚಿಪ್ಪು ಹೆಕ್ಕುವವರನ್ನು ಕೇಳು. ಆ ನೆಲ ಅವರ ಪಾದಕ್ಕೆ ಗೊತ್ತು. ಇಳಿತದಲ್ಲಿ ಹೋಗಿ ಹುಟ್ಟು ಇಳಿಸಿ ಅಳೆದುಕೋ. ಮೊಣಕಾಲುದ್ದ ನೀರು ಸಾಲದು. ಬೋರ್ಡಿನಡಿಯ ಫಿನ್ ನೆಲಕ್ಕೆ ಬಡಿದರೆ ಬೋರ್ಡು ನಿಲ್ಲುತ್ತದೆ, ನೀನು ಮುಂದಕ್ಕೆ ಹಾರಿ ಬೀಳುತ್ತೀ. ಸೊಂಟಮಟ್ಟ ಬೇಕು. ಚಿಪ್ಪು ಕೊಯ್ಯುತ್ತದೆ, ಬೂಟು ಹಾಕಿಕೋ.

ಅಮ್ಮನಿಗೆ ನಾನು ಕಡಲಿಗಿಳಿದಿದ್ದೇನೆ ಎಂದು ಮೊದಲೇ ಹೇಳಬೇಡ. ನೀರು ಎಷ್ಟಿದೆ ಎಂಬುದನ್ನು ಮೊದಲು ಹೇಳು, ಕಡಲಿನ ಮಾತು ಆಮೇಲೆ.

ನಿನ್ನ
ಅಕ್ಕ