ಭೌತಶಾಸ್ತ್ರದ ಹೊಸ್ತಿಲಲ್ಲಿ

ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಪದವಿಪೂರ್ವ ವಿಜ್ಞಾನ ವಿಭಾಗವನ್ನು ಸೇರಲಿರುವ ವಿದ್ಯಾರ್ಥಿಯ ಬೇಸಿಗೆಯ ಬಿಡುವು ಬಹುಮಟ್ಟಿಗೆ ಮಾವಿನ ತೋಪಿನಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ಕರಗಿಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತರಗತಿಗಳು ಆರಂಭವಾದ ಕೆಲವೇ ವಾರಗಳಲ್ಲಿ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. ಭೌತಶಾಸ್ತ್ರದ ಪುಸ್ತಕವು ಚಲನೆಯ ಅಧ್ಯಾಯದಲ್ಲಿಯೇ ಅವಕಲನದ ಚಿಹ್ನೆಗಳನ್ನು ಮುಂದಿಡುತ್ತದೆ. ಗಣಿತದ ಪುಸ್ತಕವೋ ಮಿತಿ ಮತ್ತು ಅವಕಲನಗಳನ್ನು ಕೊನೆಯ ಪಾಠಗಳಿಗೆಂದು ಕಾದಿರಿಸಿರುತ್ತದೆ. ಅನುಕಲನವಂತೂ ಎರಡನೆಯ ವರ್ಷದ ಮಾತು. ಅನ್ನ ಬಡಿಸಿದ ಮೇಲೆ ಎಲೆ ಹಾಸಿದಂತಾಯಿತು! ಬಡಪಾಯಿ ವಿದ್ಯಾರ್ಥಿಯು ಸೂತ್ರಗಳನ್ನು ಬಾಯಿಪಾಠ ಮಾಡಿ ಹೇಗೋ ಪಾರಾಗುತ್ತಾನೆ.

ಆ ಬೇಸಿಗೆಯಲ್ಲಿ ಕಲಿಯಬೇಕಾದುದು ಬಹಳವಿಲ್ಲ. ಬೆಟ್ಟದ ತುದಿಯಿಂದ ಕೈಬಿಟ್ಟ ಕಲ್ಲು ಕ್ರಮಿಸುವ ದೂರವು, ಮೀಟರುಗಳಲ್ಲಿ, ಕಳೆದ ಸೆಕೆಂಡುಗಳ ವರ್ಗದ ಸುಮಾರು 5 ಪಟ್ಟು. 2 ಸೆಕೆಂಡಿಗೆ 20 ಮೀಟರು, 3 ಸೆಕೆಂಡಿಗೆ 45. ನಡುವಣ ಸರಾಸರಿ ವೇಗ 25. ಆದರೆ 2 ಸೆಕೆಂಡು ತುಂಬಿದ ಆ ಕ್ಷಣದಲ್ಲಿಯೇ ವೇಗವೆಷ್ಟು? ಕ್ಷಣವೆಂದ ಮೇಲೆ ಕಾಲವೂ ಸರಿದಿಲ್ಲ, ಕಲ್ಲೂ ಸರಿದಿಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವುದೆಂತು? ಅವಧಿಯನ್ನು ಕಿರಿದುಗೊಳಿಸುತ್ತ ಹೋಗುವುದೇ ಉಪಾಯ. ಮುಂದಿನ ಸೆಕೆಂಡಿನ ಹತ್ತನೆಯ ಒಂದು ಭಾಗದ ಸರಾಸರಿ 20.5, ನೂರನೆಯ ಒಂದು ಭಾಗದ್ದು 20.05, ಸಾವಿರದ ಒಂದು ಭಾಗದ್ದು 20.005. ಈ ಲೆಕ್ಕವನ್ನು ಕೈಯಾರೆ ಮಾಡಿದವನಿಗೆ ಉತ್ತರ 20 ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗೆ ಕ್ಷಣಕ್ಷಣದ ವೇಗಗಳಿಂದ ಮರಳಿ ದೂರವನ್ನು ಕೂಡಿಸಿ ಪಡೆಯುವುದೇ ಅನುಕಲನ. ಇಷ್ಟಕ್ಕೆ ಒಂದು ಬೇಸಿಗೆ ಧಾರಾಳವಾಗಿ ಸಾಕು.

ಈ ಹೊಸ್ತಿಲಿನ ಎತ್ತರವನ್ನು ತಗ್ಗಿಸಲು ಮೊದಲು ಮುಂದಾದವರಲ್ಲಿ ಭೌತಶಾಸ್ತ್ರದ ಅಧ್ಯಾಪಕರೇ ಇದ್ದರೆಂಬುದು ಸ್ವಾರಸ್ಯಕರ. ಲಂಡನ್ನಿನ ಸಿಲ್ವಾನಸ್ ಥಾಂಪ್ಸನ್ ಅವರು ಕಲನಶಾಸ್ತ್ರವನ್ನು ಸುಲಭಗೊಳಿಸುವ ಪುಟ್ಟ ಪುಸ್ತಕವೊಂದನ್ನು 1910ರಲ್ಲಿ ತಮ್ಮ ಹೆಸರು ಹಾಕದೆಯೇ ಪ್ರಕಟಿಸಿದರು. ಅದು ಇಂದಿಗೂ ಅಚ್ಚಾಗುತ್ತಿದೆ.

ಇನ್ನೊಬ್ಬ ಥಾಂಪ್ಸನ್ ಇದ್ದರು, ಜೆ. ಇ. ಥಾಂಪ್ಸನ್. ವ್ಯವಹಾರಸ್ಥರಿಗಾಗಿ ಅವರು 1931ರಲ್ಲಿ ಬರೆದ ಕಲನದ ಪುಸ್ತಕವು ನ್ಯೂಯಾರ್ಕಿನ ಫಾರ್ ರಾಕವೇಯಲ್ಲಿ ಬೆಳೆಯುತ್ತಿದ್ದ ಸುಮಾರು 13 ವರ್ಷದ ರಿಚರ್ಡ್ ಫೈನ್‌ಮನ್ ಎಂಬ ಹುಡುಗನ ಕಣ್ಣಿಗೆ ಬಿತ್ತು. ಗ್ರಂಥಾಲಯದಾಕೆ, ಮಗುವಿಗೆ ಇದೇಕೆಂದು ಸಂಶಯಿಸಿದಾಗ, ತಂದೆಗಾಗಿ ಎಂದು ಸುಳ್ಳಾಡಿ ಪುಸ್ತಕ ತಂದ. ತಂದೆ ಮೆಲ್ವಿಲ್ ಸಮವಸ್ತ್ರಗಳ ವ್ಯಾಪಾರದಲ್ಲಿದ್ದವರು; ಹಕ್ಕಿಯ ಹೆಸರನ್ನು ಬಲ್ಲ ಮಾತ್ರಕ್ಕೆ ಹಕ್ಕಿಯನ್ನು ಅರಿತಂತಾಗದು ಎಂದು ಮಗನಿಗೆ ಕಲಿಸಿದವರು. ಅವರು ಆ ಪುಸ್ತಕವನ್ನು ನಿಜವಾಗಿಯೂ ಕೈಗೆತ್ತಿಕೊಂಡರು; ಅರ್ಥವಾಗಲಿಲ್ಲ. ಮಗ ವಿವರಿಸಲು ಯತ್ನಿಸಿದ. ತನಗೆ ಸರಳವಾಗಿ ಕಂಡುದು ತಂದೆಗೆ ಕಠಿನವಾದುದನ್ನು ಕಂಡು ಹುಡುಗನ ಮನಸ್ಸು ಕಲಕಿತು. ತಂದೆಗಿಂತ ಹೆಚ್ಚು ತಿಳಿದೆನೆಂಬ ಅರಿವು ಅವನಿಗೆ ಮೊದಲ ಬಾರಿಗೆ ಬಂದುದು ಆಗಲೇ. ಅಕ್ಷರ ಬಾರದ ಮನೆಗಳಿಂದ ಬಂದ ಮಕ್ಕಳಿಗೆ ಪಾಠ ಹೇಳಿದ ಅಧ್ಯಾಪಕರಿಗೆ ಇಂಥ ಗಳಿಗೆ ಅಪರಿಚಿತವಲ್ಲ. ಆ ಮಕ್ಕಳು ಹೆಮ್ಮೆಪಡುವರೆಂದು ಹೊರಗಿನವರು ಭಾವಿಸುತ್ತಾರೆ. ಒಳಗೆ ಹೆಮ್ಮೆಗಿಂತ ಮೊದಲು ಹುಟ್ಟುವುದು ಒಂದು ಬಗೆಯ ಒಂಟಿತನ.

ಆ ಒಂಟಿತನವನ್ನು ಗುರುತಿಸುವ ಗುರು ಸಿಕ್ಕುವುದು ಪುಣ್ಯ. ಪ್ರೌಢಶಾಲೆಯ ಭೌತಶಾಸ್ತ್ರದ ತರಗತಿಯಲ್ಲಿ ಬೇಸತ್ತು ಮಾತನಾಡುತ್ತಿದ್ದ ಫೈನ್‌ಮನ್‌ನನ್ನು ಅಧ್ಯಾಪಕ ಏಬ್ರಮ್ ಬೇಡರ್ ದಂಡಿಸಲಿಲ್ಲ. ವುಡ್ಸ್ ಎಂಬವರ ಉನ್ನತ ಕಲನದ ಗ್ರಂಥವನ್ನು ಕೈಗಿತ್ತು, ಹಿಂದಿನ ಮೂಲೆಯಲ್ಲಿ ಕುಳಿತು ಓದೆಂದರು. ಇನ್ನೊಮ್ಮೆ ಪಾಠ ಮುಗಿದ ಬಳಿಕ ನಿಲ್ಲಿಸಿಕೊಂಡು, ಎಸೆದ ಚೆಂಡು ತನ್ನ ದಾರಿಯನ್ನು ಆರಿಸಿಕೊಳ್ಳುವ ಬಗೆಯನ್ನು, ಅಂದರೆ ಕನಿಷ್ಠ ಕ್ರಿಯೆಯ ತತ್ತ್ವವನ್ನು, ಕರಿಹಲಗೆಯ ಮೇಲೆ ವಿವರಿಸಿದರು. ಪಠ್ಯಕ್ರಮದಲ್ಲಿ ಅದಿರಲಿಲ್ಲ. 1942ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಫೈನ್‌ಮನ್ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಿಷಯ, ಕ್ವಾಂಟಂ ಯಂತ್ರವಿಜ್ಞಾನದಲ್ಲಿ ಕನಿಷ್ಠ ಕ್ರಿಯೆಯ ತತ್ತ್ವ.