ದೋಣಿ ಇಳಿಸುವ ಫಜೀತಿ

ಹಾಯಿದೋಣಿ ಎಂದರೆ ಎಲ್ಲರಿಗೂ ಗಾಳಿ, ಅಲೆ, ಸೂರ್ಯಾಸ್ತ ನೆನಪಾಗುತ್ತವೆ. ನನಗೆ ನೆನಪಾಗುವುದು ಗ್ರೀಸು. ಟೆಕ್ಸಾಸಿನ ಆಸ್ಟಿನ್‌ನಲ್ಲಿರುವ ನಮ್ಮ ಭಾವನ ಬಳಿ ಹಳೆಯದೊಂದು ಕ್ಯಾಟಲಿನಾ 22 ಇದೆ. ಫ್ರಾಂಕ್ ಬಟ್ಲರ್ ಎಂಬಾತ ರೂಪಿಸಿದ ಈ ಮಾದರಿ 1970ರ ಹೊತ್ತಿಗೆ ಮಾರುಕಟ್ಟೆಗೆ ಬಂತು; ಹದಿನೈದು ಸಾವಿರಕ್ಕೂ ಹೆಚ್ಚು ದೋಣಿಗಳು ತಯಾರಾದವು. ಕಾರಿನ ಹಿಂದೆ ಕಟ್ಟಿಕೊಂಡು ಹೋಗಬಹುದು ಎಂಬುದೇ ಇದರ ದೊಡ್ಡ ಆಕರ್ಷಣೆ. ಎಳೆದುಕೊಂಡು ಹೋಗುವುದೇನೋ ಸರಿ, ನೀರಿಗೆ ಇಳಿಸುವಾಗ ನೋಡಬೇಕು ಪಾಡು.

ಮೋಟಾರು ದೋಣಿಯವರಿಗೆ ಈ ಕಷ್ಟವಿಲ್ಲ. ಹಿಮ್ಮುಖವಾಗಿ ಬಂದು, ಟ್ರೈಲರನ್ನು ಒಂದಿಷ್ಟು ಮುಳುಗಿಸಿ, ದೋಣಿ ತೇಲಿತೆಂದರೆ ಹೊರಟೇಬಿಟ್ಟರು. ಭಾವನ ದೋಣಿಯ ಹೊಟ್ಟೆಯಡಿ ಸುಮಾರು 250 ಕಿಲೋ ತೂಕದ ಎರಕದ ಕಬ್ಬಿಣದ ಕೀಲ್, ಅಂದರೆ ನೀರಿಗೆ ಇಳಿಬಿಡುವ ರೆಕ್ಕೆ, ಇದೆ. ಅದನ್ನು ಮೇಲಕ್ಕೆ ಮಡಚಿದರೂ ದೋಣಿ ತೇಲಲು ಎರಡಡಿ ನೀರು ಬೇಕು. ಟ್ರೈಲರಿನ ಎತ್ತರ ಅದರ ಮೇಲೆ. ಅಷ್ಟು ಆಳ ಸಿಗುವಷ್ಟರಲ್ಲಿ ಕಾರಿನ ಹಿಂದಿನ ಚಕ್ರ, ಹೊಗೆ ಕೊಳವೆ ಎಲ್ಲವೂ ನೀರಿನಲ್ಲಿ.

ಅವನು ದೋಣಿ ಇಳಿಸುವುದು ಟ್ರಾವಿಸ್ ಕೆರೆಗೆ. ಕೆರೆ ಎನ್ನುವುದು ಬಾಯಿಮಾತಿಗೆ, ಅದು ಕೊಲೊರಾಡೊ ನದಿಗೆ ಕಟ್ಟಿದ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟಿನ ಹಿನ್ನೀರು. (ಗ್ರ್ಯಾಂಡ್ ಕ್ಯಾನ್ಯನ್ ಕೊರೆದ ಕೊಲೊರಾಡೊ ಬೇರೆ, ಇದು ಟೆಕ್ಸಾಸಿನಲ್ಲೇ ಹುಟ್ಟಿ ಅಲ್ಲೇ ಸಮುದ್ರ ಸೇರುವ ಹೊಳೆ.) ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 681 ಅಡಿ. ಬರ ಬಿದ್ದರೆ ಹತ್ತಾರು ಅಡಿ ಕೆಳಗೆ. 2011ರ ಬರದಲ್ಲಂತೂ ದೋಣಿ ಇಳಿಸುವ ಎಷ್ಟೋ ಕಾಂಕ್ರೀಟು ಇಳಿಜಾರುಗಳು ನೀರಿನ ಮುಖವನ್ನೇ ಕಾಣದೆ ಒಣಗಿ ನಿಂತವು.

ಊರಿನಲ್ಲಾದರೆ ದೋಣಿ ಇಳಿಸುವುದೊಂದು ಸಮಸ್ಯೆಯೇ ಅಲ್ಲ. ಕುಂದಾಪುರದ ಕಡಲತಡಿಯಲ್ಲಿ ನಾಡದೋಣಿಯಡಿ ಮರದ ದಿಮ್ಮಿ ಉರುಳಿಸುತ್ತ ಹತ್ತಾರು ಮಂದಿ 'ಐಸಾ' ಎಂದು ತಳ್ಳಿದರೆ ಮುಗಿಯಿತು. ಅಮೆರಿಕದಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಜನರನ್ನು ಎಲ್ಲಿಂದ ತರುವುದು? ಅಕ್ಕ ಬರುವುದಿಲ್ಲ, ಮಕ್ಕಳು ಏಳುವುದಿಲ್ಲ. ಆಳಿಲ್ಲದಲ್ಲಿ ಕಬ್ಬಿಣವೇ ಆಳು.

ಹಾಗಾಗಿ ಭಾವ ಟ್ರೈಲರನ್ನು ಕಾರಿಗೆ ಜೋಡಿಸುವ ಮೂತಿಯನ್ನೇ ಉದ್ದ ಮಾಡಿಸಿದ. ಚೌಕಾಕಾರದ ಉಕ್ಕಿನ ಕೊಳವೆಯೊಳಗೆ ಇನ್ನೊಂದು ಕೊಳವೆ, ಅಡ್ಡಲಾಗಿ ತೂರುವ ದಪ್ಪ ಪಿನ್ನು. ನೀರಿನಂಚಿಗೆ ಬಂದ ಮೇಲೆ ಚಕ್ರಕ್ಕೆ ಅಡೆ ಕೊಟ್ಟು, ಪಿನ್ನು ಕಿತ್ತು, ಕಾರನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರೆ ಒಳಗಿನ ಕೊಳವೆ ಹೊರಗೆ ಜಾರುತ್ತದೆ. ಮತ್ತೆ ಪಿನ್ನು ಹಾಕಿ ಹಿಂದಕ್ಕೆ. ಲೆಕ್ಕ ಸರಳ: ಇಳಿಜಾರು ನೂರಕ್ಕೆ ಹದಿಮೂರರಷ್ಟಿದ್ದರೆ ಎಂಟಡಿ ಉದ್ದಕ್ಕೆ ಒಂದಡಿ ಆಳ ಹೆಚ್ಚು ಸಿಕ್ಕಿತು, ಕಾರು ಒಣನೆಲದಲ್ಲೇ ಉಳಿಯಿತು. ಆದರೆ ಉದ್ದವಾದಷ್ಟೂ ಕೊಳವೆ ಬಾಗುವ ಭಯವೂ ಹೆಚ್ಚು. ಆದ್ದರಿಂದ ಈ ಉದ್ದ ಮೂತಿ ನೀರಂಚಿಗೆ ಮಾತ್ರ. ಅದನ್ನು ಒಳಗೆ ಸರಿಸಿ ಬಿಗಿಯದೆ ರಸ್ತೆಗೆ ಹತ್ತಿಸುವ ಹಾಗಿಲ್ಲ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ ಎನ್ನಬೇಕು. ಟ್ರೈಲರಿನ ಹಿಂಬದಿ ಎರಡೂ ಪಕ್ಕ ಆಳೆತ್ತರದ ಪಿವಿಸಿ ಪೈಪು ನಿಲ್ಲಿಸಿದ. ಟ್ರೈಲರು ಮುಳುಗಿದ ಮೇಲೆ ಅದು ಎಲ್ಲಿದೆಯೆಂದು ಕಾಣುವುದು ಈ ಪೈಪುಗಳಿಂದಲೇ. ಸಂಜೆ ಅಡ್ಡಗಾಳಿ ದೋಣಿಯನ್ನು ಪಕ್ಕಕ್ಕೆ ನೂಕುವಾಗ "ಹ್ವಾಯ್, ಹಗ್ಗ ಬಿಡ್ಬೇಡಿ ಮಾರಾಯ್ರೆ!" ಎಂದು ಭಾವ ನನ್ನತ್ತ ಕೂಗುವುದು ಅರ್ಧಕ್ಕರ್ಧ ಕಡಿಮೆಯಾಗಿದ್ದೂ ಇವುಗಳಿಂದಲೇ.

ಗ್ರೀಸಿನ ವಿಷಯ ಹೇಳಲೇಬೇಕು. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಚಕ್ರದ ಗುಂಬ ತಣ್ಣೀರಿಗೆ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬೇರಿಂಗು ತುಕ್ಕು ಹಿಡಿಯಲು ಅಷ್ಟು ಸಾಕು. ಸ್ಪ್ರಿಂಗಿನ ಒತ್ತಡದಿಂದ ಒಳಗೆ ಸದಾ ಗ್ರೀಸು ತುಂಬಿಟ್ಟಿರುವ ಮುಚ್ಚಳ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಹಾಕಿಸಿಯೂ ಭಾವ ಇಳಿಜಾರಿಗೆ ಬಂದ ಕೂಡಲೇ ನೀರಿಗೆ ಇಳಿಯುವುದಿಲ್ಲ. ಗುಂಬ ತಣಿಯುವವರೆಗೆ ಮೇಲಿನ ಬಯಲಿನಲ್ಲೇ ನಿಂತು ಹಾಯಿ ಕಟ್ಟುವ ಇಪ್ಪತ್ತೈದಡಿಯ ಅಲ್ಯೂಮಿನಿಯಂ ಕಂಬ ಎಬ್ಬಿಸುತ್ತಾನೆ. ಎಬ್ಬಿಸುವ ಮುಂಚೆ ತಲೆಯೆತ್ತಿ ಕರೆಂಟಿನ ತಂತಿ ಇದೆಯೇ ಎಂದು ನೋಡುತ್ತಾನೆ. ಇದರಲ್ಲಿ ತಮಾಷೆ ಇಲ್ಲ.

ಟ್ರೈಲರು ಮಾಡುವವರು ಅದನ್ನು ರಸ್ತೆಗೆಂದು ಮಾಡುತ್ತಾರೆ, ನೀರಿಗೆ ಒಗ್ಗಿಸುವ ಕೆಲಸ ಕೊಂಡವರದು. ನೀವೂ ಹಳೆಯ ಹಾಯಿದೋಣಿ ಕೊಳ್ಳುವ ಯೋಚನೆಯಲ್ಲಿದ್ದರೆ ಮೊದಲು ಟ್ರೈಲರಿನ ಅಡಿಯಲ್ಲಿ ಮಲಗಿ ತುಕ್ಕು ನೋಡಿ. ದೋಣಿಯನ್ನು ಆಮೇಲೆ ನೋಡಿದರೂ ನಡೆಯುತ್ತದೆ.